ಸೇತುವೆ ಮೊಕದ್ದಮೆಯ ಮರಣಪತ್ರ

ನವೆಂಬರ್ ೧೪, ಗುರುವಾರ

ಅಮ್ಮ ಇನ್ನೂ ಅಡುಗೆಮನೆಯಲ್ಲೇ ಕೂತಿದ್ದಾಳೆ. ದೀಪ ಆರಿಸಿಲ್ಲ.

ಬೆಳಿಗ್ಗೆ ಎಂಥ ಗಾಂಭೀರ್ಯದಿಂದ ಹೊರಟಿದ್ದೆ ನಾನು! ಯಾರಾದರೂ ಸತ್ತರೆ ನಮ್ಮೂರ ಬಾಗಿಲು, ಕಂಬಗಳಿಗೆಲ್ಲ ಅಂಟಿಸುವ ಕಪ್ಪಂಚಿನ ಮರಣಪತ್ರವನ್ನೇ ಅಚ್ಚು ಹಾಕಿಸಿದೆ: ‘ನಮ್ಮೆಲ್ಲರ ಪ್ರೀತಿಯ ಸೇತುವೆ ಮೊಕದ್ದಮೆಯು ರಾಜಧಾನಿ ಸೋಫಿಯಾದ ಮಂತ್ರಿಗಳಿಂದ ಬಂದ ಒಂದೇ ಫೋನಿಗೆ ಹಠಾತ್ತನೆ ನಿಧನ ಹೊಂದಿದೆಯೆಂದು ತಿಳಿಸಲು ವಿಷಾದಿಸುತ್ತೇವೆ.’ ಸರ್ಕಾರಿ ವಕೀಲೆಯಾದ ಅಮ್ಮ ನಾಳೆ ಆ ಮೊಕದ್ದಮೆಯನ್ನು ಮುಚ್ಚಲು ಸಹಿ ಹಾಕಬೇಕು. ಅವಳು ನಾಚಲಿ ಎಂದೇ ನಮ್ಮ ಮನೆಬಾಗಿಲಿಗೂ ಒಂದನ್ನು ಅಂಟಿಸಿದೆ.

ಸಂಜೆ ಡೋಂಕಾ ಅಜ್ಜಿ ಬಂದಳು. ಸೇತುವೆ ಕುಸಿದಾಗ ಅವಳ ಮಗ ಅದರ ಮೇಲಿದ್ದ. ಕೈಯಲ್ಲಿ ಸಕ್ಕರೆ ಬೆರೆಸಿದ ಬೇಯಿಸಿದ ಗೋಧಿ. ಸತ್ತವರ ಹೆಸರಲ್ಲಿ ಹಂಚುವಂಥದ್ದು.

“ಅಯ್ಯೋ ಅಜ್ಜಿ, ಅದು ಬರೀ ತಮಾಷೆಗೆ...” ಎಂದೆ.

“ಗೊತ್ತು ಕಣೋ ಕೋತಿ, ನಂಗೂ ಓದೋಕೆ ಬರುತ್ತೆ. ನಿಮ್ಮಮ್ಮನ ಆಫೀಸಿನೋರೆಲ್ಲ ‘ವಿಚಾರಣೆ ನಡೀತಿದೆ’ ಅಂತಾನೇ ಇದ್ರು. ಸತ್ತೋಯ್ತು ಅಂತ ಬಾಯಿಬಿಟ್ಟು ಹೇಳಿದ್ದು ನೀನೊಬ್ನೇ.” ಅಮ್ಮನ ಕಡೆ ತಿರುಗಿದಳು. “ತಗೋ ತಾಯಿ, ಒಂದು ಚಮಚ ತಿನ್ನು.”

ತಿಂದವರು ಸತ್ತವರಿಗಾಗಿ ‘ದೇವರು ಕ್ಷಮಿಸಲಿ’ ಎನ್ನಬೇಕು. ಅಮ್ಮ ಚಮಚ ಎತ್ತಿ, ಹಾಗೇ ಕೆಳಗಿಟ್ಟಳು.

“ನಾಳೆ ತಿಂತೀನಿ, ಡೋಂಕಾ.”

“ಆಯ್ತು. ನಾಳೆ ಸಹಿ ಆದ್ಮೇಲೆ ತಿನ್ನು.”

ಬಟ್ಟಲು ಈಗ ಮೊಕದ್ದಮೆಯ ಕಡತದ ಪಕ್ಕದಲ್ಲೇ ಇದೆ. ಅಮ್ಮ ಎರಡನ್ನೂ ಮುಟ್ಟಿಲ್ಲ. ಬಾಗಿಲ ಮೇಲಿನ ಪತ್ರವನ್ನು ಕೀಳಲು ಹೋದೆ, ಅಂಟು ಗಟ್ಟಿಯಾಗಿಬಿಟ್ಟಿದೆ. ಬೆಳಿಗ್ಗೆ ಅವಳು ಹೊರಡಬೇಕಾದ್ದೂ ಅದೇ ಬಾಗಿಲಿಂದ.