ಮೂಸಿ ನೋಡುವ ಕೆಲಸ

ಜೂನ್ ೩, ಬೆಳಿಗ್ಗೆ ೭
ಹತ್ತೂ ಡ್ರಮ್ಮು ಕಲಕಿ ಆಯಿತು. ಕುರಿ ಹಿಕ್ಕೆ, ಬೆಲ್ಲ, ಕಡಲೆ ಹಿಟ್ಟು, ನೀರು — ಹನ್ನೆರಡು ವರ್ಷದಿಂದ ಇದೇ. ಆಳು ಹುಲುಗಣ್ಣ ಡ್ರಮ್ಮಿನೊಳಗೆ ತಲೆ ಹಾಕಿ ಮೂಸಿದ. "ಇನ್ನೊಂದ್ ದಿನ ಬೇಕ್ರಿ ಯಜಮಾನ್ರ. ಹಸೀ ಐತಿ." ಗೊಬ್ಬರ ಮಾಗಿದ್ದು ಮೂಗಿಗೇ ತಿಳಿಯುವುದು. ಅವನಿಗೆ ಕಲಿಸಿದವಳು ನನ್ನವಳು. ಅವಳು ತೀರಿಹೋಗಿ ನಾಲ್ಕು ವರ್ಷ... ಇರಲಿ.

ಜೂನ್ ೧೯
ನಮ್ಮ ಗೊಬ್ಬರ ಮಾರಲು ಮುಂದೆ ಬಂದ ಕಂಪನಿಯ ಮ್ಯಾನೇಜರ್ ಪಾಲಾಕ್ಷ ಕೊಟ್ಟೂರಿಗೇ ಬಂದಿದ್ದ. ಹರಪನಹಳ್ಳಿ ರಸ್ತೆಯ ಶೆಡ್ಡಿನಲ್ಲಿ ಇಪ್ಪತ್ತು ಸಾವಿರ ಲೀಟರಿನ ಟ್ಯಾಂಕು. ಟೆಕ್ನಾಲಜಿ ನನ್ನದು, ಪ್ಲಾಂಟ್ ಅವರದು. ಪಾರ್ಟ್‌ನರ್‌ಶಿಪ್. ಪ್ರೊಸೀಜರ್ ಇಂಗ್ಲಿಷಿನಲ್ಲಿ ಬೇಕಂತೆ. ನೆನಪಿದ್ದಷ್ಟು ಬರೆದುಕೊಟ್ಟೆ. ಕೊನೆಯ ಸಾಲು — ಸ್ಮೆಲ್ ಅಂಡ್ ಸೀ. ಏರೋಬಿಕ್ಕೋ ಅನೇರೋಬಿಕ್ಕೋ ಎಂದು ಕೇಳಿದ. ಒಂದರಲ್ಲಿ ಕೆಟ್ಟ ಗ್ಯಾಸ್ ಹುಟ್ಟುತ್ತದೆ... ಯಾವುದರಲ್ಲಿ? ಬಿ.ಎಸ್ಸಿ. ಎರಡನೇ ವರ್ಷದ ಪಾಠ. ಗೊತ್ತಿಲ್ಲ ಎನ್ನಲು ನಾಚಿಕೆ. ಏರೋಬಿಕ್ ಎಂದೆ. ಅವನೂ ಮತ್ತೆ ಕೇಳಲಿಲ್ಲ.

ಜುಲೈ ೮
ಮೊದಲ ಬ್ಯಾಚ್. ಹುಲುಗಣ್ಣನನ್ನು ಪ್ಲಾಂಟಿಗೆ ಕಳಿಸಿದೆ. ಟ್ಯಾಂಕ್ ನೋಡಿ ನಕ್ಕ. "ಇಷ್ಟ್ ದೊಡ್ಡ ಡ್ರಮ್ಮಿಗೆ ಇಷ್ಟ್ ಸಣ್ಣ ಮೂಗು ಸಾಲತೈತೇನ್ರಿ?"

ಜುಲೈ ೧೪
ಹುಲುಗಣ್ಣ ಹೋದ.
ಏಣಿ ಹತ್ತಿ, ಮುಚ್ಚಳ ತೆಗೆದು, ತಲೆ ಹಾಕಿದನಂತೆ. ಎರಡು ಉಸಿರು. ಒಳಗೇ ಬಿದ್ದ. ನಮ್ಮ ಡ್ರಮ್ಮಿನ ಬಾಯಿ ಸದಾ ತೆರೆದಿರುತ್ತದೆ. ಆ ಟ್ಯಾಂಕು ಆರು ದಿನ ಮುಚ್ಚಿತ್ತು. ಗಾಳಿಯಿಲ್ಲದೆ ಕೊಳೆಯುವುದು ಅನೇರೋಬಿಕ್, ಕೆಟ್ಟ ಗ್ಯಾಸ್ ಹುಟ್ಟುವುದು ಅದರಲ್ಲೇ — ಈಗ ನೆನಪಾಗುತ್ತದೆ.

ಜುಲೈ ೧೭
ಪಾಲಾಕ್ಷ ಬಂದ. ಪೊಲೀಸರಿಗೆ ನಾನು ಕೊಡಬೇಕಾದ ಹೇಳಿಕೆ ಟೈಪ್ ಮಾಡಿಸಿ ತಂದಿದ್ದ. ಹುಲುಗಣ್ಣ ಕುಡಿದು ಟ್ಯಾಂಕ್ ಹತ್ತಿದ, ಎಂದು.
"ಅವ ಒಂದ್ ದಿನಾನೂ ಕುಡಿದಾವ ಅಲ್ಲಪ್ಪ."
"ಗೊತ್ತೈತ್ರಿ ಸರ್. ಆದ್ರ ಮೂಸಿ ನೋಡು ಅಂತ ಬರದಾವ್ರು ಯಾರು? ನಿಮ್ಮ ಕೈಬರಹ ನಮ್ ಫೈಲಿನಾಗ ಐತಿ."
ಎರಡು ಸಲ ಓದಿದೆ. ಸಹಿ ಹಾಕಿದೆ.

ಆಗಸ್ಟ್ ೨, ಬೆಳಿಗ್ಗೆ
ಹುಲುಗಣ್ಣನ ಹೆಂಡತಿ ತಿಪ್ಪೇರುದ್ರಮ್ಮ ಬಂದಿದ್ದಾಳೆ. ಒಳಗೆ ಬಾ ಎಂದರೂ ಬಾಗಿಲಲ್ಲೇ ನಿಂತಳು. ಠಾಣೆಯಲ್ಲಿ ಕಾಗದ ಓದಿ ಹೇಳಿದರಂತೆ. ಸಹಿ ಯಾರದೆಂದು ಹೇಳಿಲ್ಲ.
"ಓಣಿಯಾಗ ಕುಡುಕನ ಹೇಣ್ತಿ ಅಂತಾರ್ರಿ. ಹನ್ನೆರಡ್ ವರ್ಷ ನಿಮ್ ಜೋಡಿ ಇದ್ದ. ಠಾಣಿಗೆ ಬಂದು ಒಂದ್ ಮಾತ್ ಹೇಳ್ರಿ ಯಜಮಾನ್ರ. ನಿಮ್ಮ ಮಾತು ನಂಬ್ತಾರ."
ಬರುತ್ತೇನೆ ಎಂದೆ. ಅಂಗಿ ಹಾಕಿಕೊಳ್ಳಲು ಒಳಗೆ ಬಂದವನು ಇದನ್ನು ಬರೆಯುತ್ತಾ ಕೂತಿದ್ದೇನೆ. ಹೊರಗೆ ನಿಂತೇ ಇದ್ದಾಳೆ. ಈಗ ಇನ್ನೊಮ್ಮೆ ಕೂಗಿದಳು. ಬಂದೆನಮ್ಮಾ ಎಂದೆ. ಅಂಗಿಯ ಗುಂಡಿ ಇನ್ನೂ ಹಾಕಿಲ್ಲ.