ತಳದಲ್ಲಿ ಬಿಡಬೇಕಾದ ಗುಟುಕು

ಯಾನೆಸ್, ಭಾನುವಾರ

ಅಪ್ಪಾ,

ಅಜ್ಜಿಯ ಮನೆಯಿಂದ ಕಾಗದ ಬರೀಬೇಡ ಅಂದಿದ್ದಿರಿ; ಬರೀತಿದೀನಿ, ಕ್ಷಮಿಸಿ. ಒವಿಯೆದೊ ನಗರದ ಹಳೇ ಚರ್ಚುಗಳನ್ನು ನೋಡಿಕೊಂಡು ನಿನ್ನೆ ಬಸ್ಸಿನಲ್ಲಿ ಅಜ್ಜಿಯ ಊರಿಗೆ ಬಂದೆ. ಒಂದು ಕಡೆ ಹಿಮದ ಬೆಟ್ಟ, ಇನ್ನೊಂದು ಕಡೆ ಸಮುದ್ರ. ಯಾವ ಕಡೆ ಕೂರಬೇಕೆಂದು ತಿಳಿಯದೆ ನಿಂತೇ ಬಂದೆ.

ಸಂಜೆ ಸೇಬಿನ ಮದ್ಯದಂಗಡಿಯಲ್ಲಿ ಅಜ್ಜಿ ಇಲ್ಲಿನ ರೂಢಿಯಂತೆ ಬಾಟಲಿಯನ್ನು ತಲೆಯ ಮೇಲೆತ್ತಿ, ಸೊಂಟದ ಹತ್ತಿರ ಹಿಡಿದ ಗ್ಲಾಸಿಗೆ ಹನಿಯೂ ಚೆಲ್ಲದೆ ಸುರಿದರು. ಎಪ್ಪತ್ತೊಂಬತ್ತು ವರ್ಷದ ಕೈ! ಎಲ್ಲರಿಗೂ ಅದೊಂದೇ ಗ್ಲಾಸು. ನಾನು ಇಂಗ್ಲೆಂಡಿನ ಹಾಸ್ಟೆಲಿನಲ್ಲಿ ಕಲಿತ ಹಾಗೆ ಪೂರ್ತಿ ಖಾಲಿ ಮಾಡಿಬಿಟ್ಟೆ. ಅಂಗಡಿಗೆ ಅಂಗಡಿಯೇ ನಕ್ಕಿತು.

"ಒಂದು ಗುಟುಕು ಉಳಿಸಿ, ಅದರಿಂದ ಗ್ಲಾಸಿನ ಅಂಚು ತೊಳೆದು ಚೆಲ್ಲಬೇಕು ಕಣೇ. ನಿನ್ನ ಹಿಂದೆ ಕುಡಿಯೋರಿಗೂ ಬಾಯಿದೆ! ನಿಮ್ಮಪ್ಪ ಇದನ್ನೂ ಕಲಿಸಲಿಲ್ವಾ?" ಅಂದರು ಅಜ್ಜಿ.

ನೀವೂ ಅಜ್ಜಿಯೂ ಮಾತು ಬಿಟ್ಟ ಒಂಬತ್ತು ವರ್ಷದಲ್ಲಿ ಅವರು ನಿಮ್ಮ ಸುದ್ದಿ ಎತ್ತಿದ್ದು ಇದೇ ಮೊದಲಂತೆ. ಪಕ್ಕದಲ್ಲಿ ಕೂತಿದ್ದ ತೆಲ್ಮೊ ಚಿಕ್ಕಪ್ಪ ಬ್ರೆಡ್ಡು ಅಗಿಯುವುದನ್ನೇ ನಿಲ್ಲಿಸಿದರು. ಅಜ್ಜಿ ಮತ್ತೆ ಬಾಟಲಿ ಎತ್ತಿ, ನನ್ನ ಮುಖ ನೋಡದೆ, "ಅವನು ಈಗಲೂ ಅರ್ಧದಷ್ಟನ್ನ ತನ್ನ ಬೂಟಿನ ಮೇಲೇ ಸುರೀತಾನಾ?" ಅಂತ ಕೇಳಿದರು. ಕೇಳುವಾಗ ಅವರ ಬೂಟೇ ನೆನೆಯಿತು.

ಪರೀಕ್ಷೆಯ ಹೊಟ್ಟೆನೋವು ಇಲ್ಲಿಗೆ ಬಂದಮೇಲೆ ಇಲ್ಲ. ತಿಂಗಳ ಕೊನೆಯವರೆಗೆ ಇಲ್ಲೇ ಇರ್ತೀನಿ. ಅಜ್ಜಿಗೆ ಏನು ಹೇಳಲಿ? ಬೇಗ ಬರೆಯಿರಿ.

ಎಲ್ವಿರಾ