ಹನ್ನೆರಡು ಗೌನು, ಒಂದು ಲೇಬಲ್

ಮಾರ್ಚ್ ೪, ಮಂಗಳವಾರ. ಬೆಳಿಗ್ಗೆ ೧೧
ಆರನೆಯ ಗೌನಿನ ಕತ್ತು ಮುಗಿಯಿತು. ಇನ್ನು ಆರು. ಸೂಜಿ ಒಂದು ಮುರಿಯಿತು, ಬೈದುಕೊಂಡೆ, ಹೊಸದು ಹಾಕಿದೆ. ಎಂಟು ವರ್ಷ ಬೇರೆಯವರ ಹೆಸರಿನ ಲೇಬಲ್ ಹೊಲಿದೆ. ಈ ಹನ್ನೆರಡಕ್ಕೆ ನನ್ನ ಹೆಸರು. ನನ್ನ ಹೆಸರು! ಎರಡು ಸಲ ಬರೆದೆ. ಯಾರು ಓದಬೇಕು ಇದನ್ನು?

ಮಧ್ಯಾಹ್ನ
ಅಂಗಡಿ ಮೇಡಂ ಫೋನ್. ಹನ್ನೆರಡನ್ನೂ ಮಾರುವವರು ಅವರೇ.
“ಒಳಗಿನ ಲೇಬಲಲ್ಲಿ ಏನ್ ಬರೀತೀರಾ? ಡ್ರೈಕ್ಲೀನಾ, ವಾಷಾ?”
“ಡ್ರೈಕ್ಲೀನ್ ಓನ್ಲಿ” ಅಂದೆ. ರೇಷ್ಮೆ, ಮೇಲೆ ಕೈಕಸೂತಿ. ಇನ್ನೇನು ಬರೆಯುವುದು?
“ಎಲ್ರೂ ಅದನ್ನೇ ಬರೀತಾರೆ. ಗಿರಾಕಿಗಳು ಆಸೆಪಟ್ಟು ಎತ್ಕೋತಾರೆ, ಲೇಬಲ್ ಓದಿ ವಾಪಸ್ ನೇತುಹಾಕ್ತಾರೆ. ಮನೇಲಿ ಒಗೆಯೋ ಹಾಗಿದ್ರೆ ನಿಮ್ದನ್ನ ಅಂಗಡಿ ಮುಂದಿನ ಗಾಜಲ್ಲೇ ಇಡ್ತೀನಿ. ಆದ್ರೆ ಹಾಗ್ ಬರೆದು ಒಂದು ಹಾಳಾದ್ರೂ ಹನ್ನೆರಡೂ ನಿಮ್ಮನೆಗೇ. ಇಪ್ಪತ್ತನೇ ತಾರೀಕು ಬಂದು ತೋರ್ಸಿ.”
ಮುಂದಿನ ಗಾಜಲ್ಲಿ!! ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ.

ಮಾರ್ಚ್ ೫, ಬುಧವಾರ
ದೊಡ್ಡಮ್ಮ ಊಟಕ್ಕೆ ಬಂದಿದ್ದಳು. ಇಪ್ಪತ್ತಾರು ವರ್ಷದಿಂದ ಲಾಂಡ್ರಿಯಲ್ಲಿ ಕಲೆ ತೆಗೆಯುವ ಮೇಜು ಅವಳದು. ವಿಷಯ ಹೇಳಿದೆ. ಮೂಗು ಮುರಿದಳು.
“ಡ್ರೈಕ್ಲೀನ್ ಓನ್ಲಿಯಂತೆ! ಎಣ್ಣೆ ಕಲೆ ಹೋಗತ್ತೆ, ಸರಿ. ಬೆವರು ಹೋಗತ್ತಾ? ಜ್ಯೂಸು? ಅದಕ್ಕೆ ನೀರೇ ಬೇಕು. ಆ ಲೇಬಲ್ ಬರೆಯೋರು ಜನ್ಮದಲ್ಲಿ ಒಂದು ಕರ್ಚೀಫೂ ಒಗೆದಿರಲ್ಲ ಕಣೆ.”
“ಹಾಗಾದ್ರೆ ಒಗೀಬಹುದಾ?”
“ನಿನ್ ಬಟ್ಟೆ. ನಂಗೇನ್ ಗೊತ್ತು? ಒಗೆದು ನೋಡು.”

ಸಂಜೆ ೪
ತುಂಡು ರೇಷ್ಮೆಗೆ ಅದೇ ಕಸೂತಿ ದಾರ ಹಾಕಿ ತಣ್ಣೀರಲ್ಲಿ ಅದ್ದಿದೆ. ಬಿಳಿ ಬಟ್ಟೆ ಮೇಲಿಟ್ಟು ಒತ್ತಿದೆ. ಒಂದು ಚೂರೂ ಬಣ್ಣ ಬಿಡಲಿಲ್ಲ! ಒಬ್ಬಳೇ ಕುಣಿದೆ. ಕೆಳಗಿನ ಮನೆಯವರು ಏನಂದುಕೊಂಡರೋ.

ಮಾರ್ಚ್ ೬, ಗುರುವಾರ
ತುಂಡು ಸಾಕಾಗಲಿಲ್ಲ ನನಗೆ. ಇಡೀ ಗೌನು ಒಗೆದೆ. ಅದೂ ನವಿಲು ಬಣ್ಣದ್ದು, ಎಲ್ಲಕ್ಕಿಂತ ಚೆನ್ನಾಗಿದ್ದದ್ದು. ಪುಟ್ಟ ಮಗುವಿಗೆ ಸ್ನಾನ ಮಾಡಿಸುವ ಹಾಗೆ.
ಈಗ ಒಣಗಿದೆ. ಬಣ್ಣ ಸರಿಯಿದೆ. ಕಸೂತಿ ಸರಿಯಿದೆ. ಆದರೆ ಅಂಚು… ಸುತ್ತಲೂ ಉಬ್ಬಿಕೊಂಡು, ಒಳಕ್ಕೆ ಮಡಚಿಕೊಂಡು… ದಿಂಬಿನ ಚೀಲದಂತಾಗಿದೆ.
ಕಪಾಟಿನೊಳಗೆ ಹಾಕಿ ಬಾಗಿಲು ಮುಚ್ಚಿದೆ.

ಮಾರ್ಚ್ ೯, ಭಾನುವಾರ
ಎರಡು ದಿನ ಬರೆಯಲಿಲ್ಲ. ಹೊಲಿಯಲೂ ಇಲ್ಲ. ಡ್ರೈಕ್ಲೀನ್ ಎಂದೇ ಬರೆದು ಕೈತೊಳೆದುಕೊಳ್ಳೋಣ ಅಂತಿದ್ದೆ.
ಇವತ್ತು ದೊಡ್ಡಮ್ಮ ಬಂದಳು. ಗೌನು ಒಳಹೊರಗು ಮಾಡಿ, ಟೇಪು ಹಿಡಿದು ಅಳೆದಳು. ರೇಷ್ಮೆ ಇದ್ದಷ್ಟೇ ಇದೆ. ಒಳಗಿನ ಕಾಟನ್ ಲೈನಿಂಗ್ ಎರಡು ಬೆರಳು ಕುಗ್ಗಿದೆ. ಅದೇ ಮೇಲಿನದನ್ನು ಎಳೆದಿದೆ.
“ಲೈನಿಂಗ್ ನೆನೆಸದೇ ಕತ್ತರಿಸಿದ್ಯಾ?”
ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಅತಿ ಸಾಧಾರಣ ಬ್ಲೌಸಿಗೂ ಲೈನಿಂಗ್ ನೆನೆಸಿ, ಒಣಗಿಸಿಯೇ ಹೊಲಿಯುವವಳು ನಾನು. ಗೌನು ಹೇಗೂ ಡ್ರೈಕ್ಲೀನಿಗೆ ಹೋಗುತ್ತದಲ್ಲ, ನೆನೆಸುವುದೇಕೆ ಎಂದು ಬಿಟ್ಟಿದ್ದೆ. ಹಾಗೇ ಹೇಳಿದೆ.
“ಅದಕ್ಕೇ ಎಲ್ರೂ ಡ್ರೈಕ್ಲೀನ್ ಅಂತ ಬರೆಯೋದು. ಹೊಲಿಯೋರ ಸೋಮಾರಿತನ ಮುಚ್ಚಿಹೋಗತ್ತೆ” ಅಂದಳು. ನನಗೆ ಬೇಜಾರಾಗಲಿಲ್ಲ. ಖುಷಿಯೇ ಆಯಿತು! ತಪ್ಪು ರೇಷ್ಮೆಯದಲ್ಲ, ನನ್ನದು. ನನ್ನದಾದರೆ ತಿದ್ದಬಹುದು.
ಲೈನಿಂಗ್ ಥಾನು ಇಡೀ ಟಬ್ಬಿಗೆ ಹಾಕಿದೆವು. ಹೊಲಿದಿದ್ದ ಆರನ್ನೂ ಬಿಚ್ಚಬೇಕು. ಬಿಚ್ಚುತ್ತೇನೆ.

ಮಾರ್ಚ್ ೧೫, ಶನಿವಾರ
ಬಿಚ್ಚಿ ಬಿಚ್ಚಿ ಹೆಬ್ಬೆರಳು ಹಣ್ಣಾಗಿದೆ. ಒಂಬತ್ತು ತಯಾರು. ನವಿಲು ಬಣ್ಣದ್ದಕ್ಕೆ ಹೊಸ ಲೈನಿಂಗ್ ಹಾಕಿ ಮತ್ತೆ ಒಗೆದೆ. ಅಂಚು ಗೆರೆ ಎಳೆದ ಹಾಗಿದೆ!! ಇನ್ನೊಂದು ಸಲ ಒಗೆದೆ. ಹಾಗೇ ಇದೆ. ದೊಡ್ಡಮ್ಮ ಮಾತ್ರ “ಹೂಂ” ಅಂದಳು. ಅವಳ ಹೂಂ ಎಂದರೆ ಸಣ್ಣ ವಿಷಯವಲ್ಲ.

ಮಾರ್ಚ್ ೨೦, ಗುರುವಾರ. ಮಧ್ಯಾಹ್ನ ೧
ಅಂಗಡಿಯ ಟ್ರಯಲ್ ರೂಮಿನ ಸ್ಟೂಲಿನ ಮೇಲೆ ಕೂತು ಬರೆಯುತ್ತಿದ್ದೇನೆ.
ಹನ್ನೆರಡೂ ತಂದೆವು. ದೊಡ್ಡಮ್ಮ ರಜೆ ಹಾಕಿ ಜೊತೆಗೆ ಬಂದಳು. ಮೇಡಂ ನವಿಲು ಬಣ್ಣದ್ದು ಕೇಳಲೇ ಇಲ್ಲ. ಯಾವತ್ತೂ ನೀರು ಕಾಣದ ಕೆಂಪು ಗೌನು ಎಳೆದುಕೊಂಡರು. “ನಾನೇ ಒಗೀತೀನಿ, ನನ್ ಗಿರಾಕಿ ಒಗೆಯೋ ಹಾಗೆ.” ಹಿಂದಿನ ಸಿಂಕಿಗೆ ಮುಳುಗಿಸಿಯೇಬಿಟ್ಟರು! ಅದ್ದಿದರು, ಎತ್ತಿದರು, ಮತ್ತೆ ಅದ್ದಿದರು. ಆಮೇಲೆ ಎರಡೂ ಕೈಯಲ್ಲಿ ಹಿಡಿದು ತಿರುಚಲು ಹೊರಟರು. ನನ್ನ ಜೀವ ಬಾಯಿಗೆ ಬಂತು, ತಡೆಯಲು ಕೈ ಚಾಚಿದೆ.
“ಹಿಂಡ್‌ಬೇಡ್ರೀ!”
ದೊಡ್ಡಮ್ಮ. ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಮೇಡಂ ಕೈ ಹಾಗೇ ನಿಂತಿತು. ದೊಡ್ಡಮ್ಮ ಗೌನು ಕಿತ್ತುಕೊಂಡು, ಟವೆಲಿನ ಮೇಲೆ ಹಾಸಿ, ಚಾಪೆಯಂತೆ ಸುತ್ತಿ, ಮೆಲ್ಲಗೆ ಒತ್ತಿದಳು. ಕೆಲಸ ಕೆಟ್ಟಿತು, ಮೇಡಂ ಈಗ ಹೊರಗೆ ಹಾಕುತ್ತಾರೆ ಅಂದುಕೊಂಡೆ. ಅವರು ಪಕ್ಕದಲ್ಲಿ ನಿಂತು ಕಲಿಯುತ್ತಿದ್ದರು.
ಈಗ ಫ್ಯಾನಿನ ಕೆಳಗೆ ನೇತಾಡುತ್ತಿದೆ. ಕಾಯಬೇಕು.

೩.೨೦
ಒಣಗಿತು. ಅಂಚು ನೇರ. ನೇರ!! ಮೇಡಂ ಸುತ್ತಲೂ ಬೆರಳಾಡಿಸಿ ನೋಡಿದರು. ತಾವೇ ಕೊಂಡೊಯ್ದು ಮುಂದಿನ ಗಾಜಲ್ಲಿ ನಿಲ್ಲಿಸಿದರು. ನನಗೆ ಅಳು ಬಂತು, ಅತ್ತುಬಿಟ್ಟೆ.
“ಇವರು ಕಿರುಚಿದ್ದನ್ನೇ ಲೇಬಲಲ್ಲಿ ಬರೀರಿ” ಎಂದರು ಮೇಡಂ, ದೊಡ್ಡಮ್ಮನ ಕಡೆ ತೋರಿಸಿ.
ಇಪ್ಪತ್ತಾರು ವರ್ಷ ಲೇಬಲ್ ಓದಿದವಳು. ಬರೆಯಲು ಯಾರೂ ಕೇಳಿರಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡು ನನ್ನ ಪಕ್ಕ ಬಂದು ನಿಂತಿದ್ದಾಳೆ. ಬೇರೆ ಕಾಗದವಿಲ್ಲ, ಇಲ್ಲೇ ಬರೆದುಕೊಳ್ಳುತ್ತಿದ್ದೇನೆ. ತಣ್ಣೀರಲ್ಲಿ ಕೈಯಿಂದ ಒಗೆಯಿರಿ. ಟವೆಲಿನಲ್ಲಿ ಸುತ್ತಿ ಒತ್ತಿ. ದಯವಿಟ್ಟು
“ದಯವಿಟ್ಟು ಗಿಯವಿಟ್ಟು ಬೇಡ, ಹೊಡೆದುಹಾಕು. ದೊಡ್ಡ ಅಕ್ಷರದಲ್ಲಿ ಬರಿ.”
ಹಿಂಡಬೇಡಿ.